ಮೇಲಿನವರಿಗೆ ಕಾಣುವ ಶಿರಸಿ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಹೆಚ್ಚಾಗಿ ಮಾರ್ಚ್ ತಿಂಗಳ ಆಸುಪಾಸಿನಲ್ಲೇ ಬರುತ್ತದೆ. ಬ್ಯಾಂಕಿನವರಿಗೆ ಮಾರ್ಚ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2024ರಲ್ಲಿ ಜಾತ್ರೆ ಬಿದ್ದದ್ದು ಮಾರ್ಚ್ 19ರಿಂದ 27ರವರೆಗೆ. ಅದಕ್ಕೂ ಮೊದಲೇ ಹೆಡ್ಡಾಫೀಸಿನಿಂದ ಸುತ್ತೋಲೆ ಬಂದಿತ್ತು: ಮಾರ್ಚ್‌ನಲ್ಲಿ ಯಾರಿಗೂ ರಜೆ ಇಲ್ಲ, ಅರ್ಧ ದಿನದ್ದೂ ಇಲ್ಲ.

ನಾನಾಗ ಒಂದು ಖಾಸಗಿ ಬ್ಯಾಂಕಿನ ಶಿರಸಿ ಶಾಖೆಯಲ್ಲಿ ಮ್ಯಾನೇಜರ್. ಬ್ಯಾಂಕಿನ ಹೆಸರು ಬೇಡ, ಇಂಥದ್ದೇ ಸುತ್ತೋಲೆ ಊರಿನ ಇನ್ನೂ ಕೆಲವು ಕಡೆ ಬಂದಿದ್ದು ನನಗೆ ಗೊತ್ತು. ಜಾತ್ರೆಯೆಂದರೆ ಊರಿನವರಿಗೆ ಏನು ಅನ್ನೋದು ಹೊರಗಿನವರಿಗೆ ಫೋಟೋ ನೋಡಿದರೆ ತಿಳಿಯುವುದಿಲ್ಲ. ಬಿಡಕಿಬೈಲಿನ ಗದ್ದುಗೆಯಲ್ಲಿ ದೇವಿ ಕೂತಿದ್ದಾಳೆ ಅಂದರೆ ಶಿರಸಿಯ ಒಂದೊಂದು ಮನೆಯಲ್ಲೂ ನೆಂಟರು. ಹುಬ್ಬಳ್ಳಿಗೆ, ಬೆಂಗಳೂರಿಗೆ ಕೊಟ್ಟ ಹೆಣ್ಣುಮಕ್ಕಳು ಮಕ್ಕಳು ಮರಿ ಕಟ್ಟಿಕೊಂಡು ತವರಿಗೆ ಬಂದಿರುತ್ತಾರೆ. ನಮ್ಮ ಕ್ಯಾಶಿಯರ್ ಇದೇ ಊರಿನವರು. ಉಡಿ ತುಂಬುವುದಿತ್ತು, ಅತ್ತೆಗೆ ಕಾಲುನೋವು, ಮನೆಯಲ್ಲಿ ಇಪ್ಪತ್ತು ಜನ. ಒಂದು ಬೆಳಿಗ್ಗೆ ಬಿಟ್ಟುಕೊಡಿ ಸರ್ ಅಂದರು.

ನಾನು ಮೇಲಿನವರಿಗೆ ಬರೆದೆ. ಜಾತ್ರೆಯ ದಿನಗಳಲ್ಲಿ ಪೇಟೆಯ ನಡುವಿನ ರಸ್ತೆಗೆ ವಾಹನ ಬರುವುದಿಲ್ಲ, ಗ್ರಾಹಕರು ಹೇಗೂ ಕಡಿಮೆ. ಸಿಬ್ಬಂದಿಯನ್ನು ಎರಡು ಪಾಳಿ ಮಾಡುತ್ತೇನೆ, ಉಳಿದ ಕೆಲಸ ಸಂಜೆ ಕೂತು ಮುಗಿಸುತ್ತೇವೆ, ಜಾತ್ರೆ ಮುಗಿದ ಮೇಲೆ ಉಳಿಯುವ ನಾಲ್ಕು ದಿನ ರಾತ್ರಿಯವರೆಗೂ ಇರುತ್ತೇವೆ ಅಂತ ಲೆಕ್ಕ ಹಾಕಿ ಕೊಟ್ಟೆ. ಏಪ್ರಿಲ್‌ನಲ್ಲಿ ಉತ್ತರ ಬಂತು. ಒಂದೇ ಪದ: ‘ನೋಟೆಡ್’.

ಆಗುವುದಿಲ್ಲ ಅಂತ ಮಾರ್ಚ್ ಹತ್ತಕ್ಕೇ ಹೇಳಿದ್ದರೆ ಯಾರಿಗೂ ಅಷ್ಟು ಬೇಜಾರಾಗುತ್ತಿರಲಿಲ್ಲ. ಬ್ಯಾಂಕಿನ ಕೆಲಸ ಅಂದಮೇಲೆ ಇದೆಲ್ಲ ಇದ್ದದ್ದೇ ಅಂತ ನಮ್ಮವರು ಸುಮ್ಮನಾಗುತ್ತಿದ್ದರು. ಓದದೆಯೇ ಬಿಟ್ಟಿದ್ದರಲ್ಲ, ಅದು ಚುಚ್ಚಿತು. ಆ ಕ್ಯಾಶಿಯರ್ ಅದಾದ ಮೇಲೆ ನನ್ನ ಹತ್ತಿರ ಏನನ್ನೂ ಕೇಳಲಿಲ್ಲ. ಕೆಲಸದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದವರಲ್ಲ, ಕೊನೆಯವರೆಗೂ ಬರಲಿಲ್ಲ. ಆದರೆ ಮೊದಲೆಲ್ಲ ಕೌಂಟರಿನಿಂದಲೇ ‘ಸರ್, ಇವರಿಗೆ ಮಗಳ ಮದುವೆಯಂತೆ, ಎಫ್‌ಡಿ ಮುರಿಯೋದು ಬೇಡ, ಅದರ ಮೇಲೇ ಸಾಲ ಕೊಡುವ’ ಅಂತ ಗ್ರಾಹಕರನ್ನು ನನ್ನ ಟೇಬಲ್ಲಿಗೆ ಕಳಿಸುತ್ತಿದ್ದರು. ಅದು ನಿಂತುಹೋಯಿತು. ಕೇಳಿದವರಿಗೆ ಕೇಳಿದಷ್ಟು ಕೊಟ್ಟು, ಐದೂವರೆಗೆ ಚೀಲ ಹೆಗಲಿಗೆ. ಇದು ಯಾವ ವರದಿಯಲ್ಲೂ ಕಾಣುವ ನಷ್ಟವಲ್ಲ.

ದಿನಾ ಸಂಜೆ ಆರೂವರೆಗೆ ರಿವ್ಯೂ ಕಾಲ್. ಇಡೀ ರೀಜನ್ನಿನ ಮ್ಯಾನೇಜರುಗಳು ಕ್ಯಾಮೆರಾ ಆನ್ ಮಾಡಿಕೊಂಡು ಕೂರಬೇಕು. ಪರದೆಯ ಮೇಲೆ ಒಂದು ಪಟ್ಟಿ. ಗುರಿ ಮುಟ್ಟಿದವರು ಹಸಿರು, ಮುಟ್ಟದವರು ಕೆಂಪು. ಮಾತು ಶುರುವಾಗುವುದು ಕೆಂಪಿನಿಂದ. ಶಿರಸಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು, ಅದು ಅಡಿಕೆ ಮರದಷ್ಟೇ ಸಹಜ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಲವತ್ತು ದಿನದ ಸುಮಾರಿಗೆ ಮತ್ತೆ ಹೊಡೆಯಬೇಕು. ಮರ ಹತ್ತುವ ಕೊನೆಗೌಡರ ಕೈಕಾಲು ಹಿಡಿದು ಕರೆಸಬೇಕು, ಬಂದ ದಿನ ಮಳೆ ಬಿಡಬೇಕು. ಹಣ ಹೋಗುವ ಕಾಲ ಅದು. ಬರುವ ಕಾಲ ಬೇರೆ. ಕೊಯ್ಲು ನವೆಂಬರ್ ಆಸುಪಾಸಿಗೆ ಶುರು, ಹಸಿ ಅಡಿಕೆ ಸುಲಿದು ಬೇಯಿಸಿ ರಾಶಿ ಅಡಿಕೆ ಮಾಡುವವರಿಗೆ ಸ್ವಲ್ಪ ಬೇಗ ದುಡ್ಡು, ಗೋಟು, ಅಂದರೆ ಹಣ್ಣಾದ ಅಡಿಕೆ, ಒಣಗಿಸಿ ಚಾಲಿ ಮಾಡುವವರಿಗೆ ಅಂಗಳದಲ್ಲಿ ಒಂದೂವರೆ ತಿಂಗಳು ಬಿಸಿಲು ತಾಗಿ, ಸುಲಿದು, ಮಂಡಿಗೆ ಹೋಗಿ ಟೆಂಡರು ಆದಮೇಲೆ. ಫೆಬ್ರವರಿಯಿಂದ ಮೇವರೆಗೆ ಈ ಊರಲ್ಲಿ ಬೈಕು ಮಾರಾಟ, ಚಿನ್ನ ಖರೀದಿ, ಮನೆಗೆ ಹೊಸ ಹಂಚು, ಎಲ್ಲ ಆಗುವುದು. ಜುಲೈಯಲ್ಲಿ ಯಾರೂ ಬೈಕ್ ಸಾಲ ಕೇಳುವುದಿಲ್ಲ. ಕೇಳಿದರೆ ನಾವೇ ಅನುಮಾನ ಪಡಬೇಕು.

ಇದನ್ನು ಆ ಕಾಲ್‌ನಲ್ಲಿ ಹೇಳಿದೆ. ‘ಎಕ್ಸ್‌ಕ್ಯೂಸ್ ಬೇಡ, ಪ್ಲ್ಯಾನ್ ಹೇಳಿ’ ಅಂದರು. ಮತ್ತೊಮ್ಮೆ, ಬೇರೆ ಅಧಿಕಾರಿಗೆ ಹೇಳಿದೆ. ‘ಎಲ್ಲ ಶಾಖೆಯವರೂ ತಮ್ಮ ಊರು ಸ್ಪೆಷಲ್ ಅಂತಲೇ ಹೇಳೋದು’ ಅಂದರು. ಅದೂ ನಿಜವೇ, ಎಲ್ಲ ಊರೂ ಸ್ಪೆಷಲ್ಲೇ. ಕಾರವಾರ ಶಾಖೆಯ ಗೆಳೆಯನಿಗೆ ಜೂನ್‌ನಲ್ಲಿ ಮೀನುಗಾರರ ಕಂತು ಯಾಕೆ ಬಂದಿಲ್ಲ ಅಂತ ಕೇಳುತ್ತಿದ್ದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗೇ ಇಲ್ಲ, ಸರ್ಕಾರದ್ದೇ ನಿಷೇಧ. ದೋಣಿ ದಡದಲ್ಲಿ, ಬಲೆ ಅಂಗಳದಲ್ಲಿ. ಕಂತು ಎಲ್ಲಿಂದ ಬರಬೇಕು? 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯಿತಲ್ಲ, ಟಿ.ವಿ.ಯಲ್ಲಿ ದಿನವಿಡೀ ಅದೇ ಸುದ್ದಿ. ಆ ವಾರದ ಕಾಲ್‌ನಲ್ಲೂ ಅವನಿಗೆ ಬಂದ ಪ್ರಶ್ನೆ ಕುಮಟಾ ಕಡೆಯ ವಸೂಲಿ ಯಾಕೆ ಸೊನ್ನೆ ಅಂತ. ಕೇಳಿದವರು ಕೆಟ್ಟವರೇನಲ್ಲ. ಅವರ ಮುಂದಿದ್ದ ಪಟ್ಟಿಯಲ್ಲಿ ಗುಡ್ಡ ಇರಲಿಲ್ಲ, ಅಷ್ಟೇ.

ಹೀಗೆ ನಾಲ್ಕು ಸಲ ಆದರೆ ಮನುಷ್ಯ ಏನು ಕಲಿಯುತ್ತಾನೆ? ‘ಆಗ್ತದೆ ಸರ್’ ಅನ್ನುವುದನ್ನು. ನಮ್ಮ ರೀಜನ್ನಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ವಾಕ್ಯ ಅದು. ಎಷ್ಟು ಸಾಲದ ಅರ್ಜಿ ಲಾಗಿನ್ ಆಗ್ತದೆ ಈ ವಾರ? ಐದು ಆಗ್ತದೆ ಸರ್. ಐದು ಆಗುವುದಿಲ್ಲ ಅಂತ ಕೇಳಿದವರಿಗೂ ಗೊತ್ತು, ಹೇಳಿದವನಿಗೂ ಗೊತ್ತು, ಅವರ ಮೇಲಿನವರಿಗೆ ಮಾತ್ರ ಗೊತ್ತಿಲ್ಲ. ಐದೈದು ಸೇರಿ ರೀಜನ್ನಿಗೆ ಇನ್ನೂರಾಗಿ, ಝೋನ್‌ಗೆ ಸಾವಿರವಾಗಿ, ಮುಂಬಯಿಯ ಮೇಜಿನ ಮೇಲೆ ಅದೊಂದು ಚಂದದ ಗ್ರಾಫು. ಎಲಿಜಬೆತ್ ಮಾರಿಸನ್, ಫ್ರಾನ್ಸಿಸ್ ಮಿಲ್ಲಿಕನ್ ಅನ್ನುವ ಇಬ್ಬರು ಸಂಶೋಧಕಿಯರು 2000ದಲ್ಲೇ ಈ ಮೌನದ ಬಗ್ಗೆ ಬರೆದಿದ್ದಾರೆ. ಕೆಳಗಿನವರ ಬಾಯಿ ಕಟ್ಟುವುದಕ್ಕೆ ಬೈಯಲೇಬೇಕು ಅಂತಿಲ್ಲ, ಕೆಟ್ಟ ಸುದ್ದಿ ಕೇಳುವುದಕ್ಕೆ ಮೇಲಿನವರಿಗೇ ಅಂಜಿಕೆ ಇದ್ದರೆ ಸಾಕು, ಆಮೇಲೆ ಸಂಸ್ಥೆಗೆ ಸಂಸ್ಥೆಯೇ ಗೊತ್ತಿದ್ದೂ ಸುಮ್ಮನಿರುತ್ತದೆ ಅನ್ನುವುದು ಅವರ ವಾದ. ನಮ್ಮ ಕಾಲ್ ನೋಡಿಯೇ ಬರೆದ ಹಾಗಿದೆ.

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಥೆ ಇದೆ. ಒಬ್ಬೊಬ್ಬ ಗ್ರಾಹಕನಿಗೂ ಎಂಟೆಂಟು ಉತ್ಪನ್ನ ಮಾರಬೇಕು ಅನ್ನುವುದು ಅಲ್ಲಿನ ಮೇಲಿನವರ ಘೋಷಣೆ. ಮಾರಲು ಆಗಲಿಲ್ಲ. ಶಾಖೆಗಳಲ್ಲಿ ಕೂತವರು ಗ್ರಾಹಕರಿಗೆ ಗೊತ್ತಿಲ್ಲದ ಹಾಗೆ ಅವರ ಹೆಸರಲ್ಲಿ ಖಾತೆ ತೆರೆಯತೊಡಗಿದರು. ಒಂದೆರಡಲ್ಲ, ಲಕ್ಷಗಟ್ಟಲೆ. 2016ರ ಸೆಪ್ಟೆಂಬರ್‌ನಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ನೌಕರರನ್ನು ಮನೆಗೆ ಕಳಿಸಿಯಾಗಿತ್ತು. ಮುಖ್ಯಸ್ಥ ಜಾನ್ ಸ್ಟಂಫ್ ಮೊದಲಿಗೆ ತಪ್ಪನ್ನೆಲ್ಲ ಕೆಳಗಿನವರ ಮೇಲೆ ಹೊರಿಸಲು ನೋಡಿದರು, ಮುಂದಿನ ತಿಂಗಳು ತಾವೇ ರಾಜೀನಾಮೆ ಕೊಡಬೇಕಾಯಿತು. ನನ್ನನ್ನು ಕಾಡುವುದು ಆ 5,300 ಜನ. ಅವರೆಲ್ಲ ಹುಟ್ಟಾ ಕಳ್ಳರಾಗಿದ್ದರೇ? ಇರಲಿಕ್ಕಿಲ್ಲ. ಸಂಜೆಯ ಕಾಲ್‌ನಲ್ಲಿ ‘ಆಗ್ತದೆ ಸರ್’ ಅಂದವರು, ಮರುದಿನ ಆಗಿಸಬೇಕಾಗಿ ಬಂದವರು.

ನಮ್ಮಲ್ಲಿ ಅಷ್ಟು ದೂರ ಹೋಗಲಿಲ್ಲ. ನಮ್ಮಲ್ಲಿ ನಡೆದದ್ದು ವಿಮೆ. ಸಾಲ ಕೇಳಿಕೊಂಡು ಬಂದ ರೈತನಿಗೆ ಪಾಲಿಸಿಯನ್ನೂ ಹೊದಿಸಿ ಕಳಿಸಬೇಕು ಅನ್ನುವ ಒತ್ತಡ. ಹುಲೇಕಲ್ ಕಡೆಯ ಒಬ್ಬ ಹೆಗಡೆಯವರು, ನನ್ನ ಅಪ್ಪನ ವಯಸ್ಸಿನವರು, ಆ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ ನನ್ನ ಮುಖ ನೋಡಿದರು. ‘ತಮಾ, ನಿನ್ನ ಮೇಲಿನವಕ್ಕೆ ಅಡಿಕೆ ಯಾವಾಗ ಕೊಯ್ತ ಹೇಳಾದ್ರೂ ಗೊತ್ತಿದ್ದಾ?’ ಅಂದರು. ನಾನು ನಕ್ಕೆ. ಪಾಲಿಸಿ ಕಾಗದ ಡ್ರಾಯರ್‌ಗೆ ಹಾಕಿದೆ. ಆ ಸಂಜೆಯ ಪಟ್ಟಿಯಲ್ಲಿ ಶಿರಸಿಯ ಎದುರು ಇನ್ನೊಂದು ಕೆಂಪು.

ಅದೇ ಡ್ರಾಯರಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿ ಇರುತ್ತಿತ್ತು, ನನ್ನದೊಂದೇ ಅಲ್ಲ, ಶಾಖೆಯ ಸಾರ್ವಜನಿಕ ಆಸ್ತಿ. ತಮಾಷೆಗೆ ಹೇಳುತ್ತಿಲ್ಲ. ಲಂಡನ್ನಿನ ಸರ್ಕಾರಿ ನೌಕರರನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು, 1985ರಿಂದ ವರ್ಷಗಟ್ಟಲೆ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನ ಅಂತ ಒಂದಿದೆ, ಮೈಕಲ್ ಮಾರ್ಮಟ್ ಅವರ ಮುಂದಾಳತ್ವದ್ದು. ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದವರಿಗೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು ಅಂತ ಅದರಲ್ಲಿ ಕಂಡುಬಂತು. ದೊಡ್ಡ ಜವಾಬ್ದಾರಿಯ ಕುರ್ಚಿಯೇ ಎದೆಗೆ ಭಾರ ಅಂತ ನಾವು ತಿಳಿದಿರುತ್ತೇವೆ. ಲೆಕ್ಕ ನೋಡಿದರೆ ಕೆಳಗಿನ ಕುರ್ಚಿಯೇ ಹೆಚ್ಚು ಭಾರ.

ಒಮ್ಮೆ ಮುಂಬಯಿಯಿಂದ ದೊಡ್ಡವರೊಬ್ಬರು ಬಂದರು. ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಇಳಿದು, ಕಾರಿನಲ್ಲಿ ಶಿರಸಿಗೆ. ವಾರದ ಮೊದಲೇ ಏರಿಯಾ ಮ್ಯಾನೇಜರ್ ಬಂದು ಯಾರು ಎಲ್ಲಿ ನಿಲ್ಲಬೇಕು, ಏನು ಕೇಳಿದರೆ ಏನು ಹೇಳಬೇಕು ಎಲ್ಲ ತಾಲೀಮು ಮಾಡಿಸಿದರು. ಹೂವಿನ ಬುಕ್ಕೆ, ಶಾಲು, ಗಾಜಿಗೆ ಹೊಸ ಸ್ಟಿಕ್ಕರು. ಸರ್ವರ್ ಇಡುವ ಕೋಣೆಯ ಮೂಲೆಯಲ್ಲಿ ಎರಡು ಮಳೆಗಾಲದಿಂದ ಸೋರುತ್ತಿತ್ತು, ಅಲ್ಲಿ ನಮ್ಮ ಅಟೆಂಡರ್ ಅಣ್ಣ ಒಂದು ನೀಲಿ ಬಕೆಟ್ ಇಟ್ಟಿದ್ದ. ಸೋರುವುದರ ಬಗ್ಗೆ ನಾವು ಆನ್‌ಲೈನ್ ದೂರು ಕೊಟ್ಟಿದ್ದೆವು. ಗುತ್ತಿಗೆದಾರರು ಮುಂಬಯಿಯವರು. ಒಂದು ಸಲ ಫೋನು ಮಾಡಿ, ನಾವು ಎತ್ತದಿದ್ದಾಗ ‘ಗ್ರಾಹಕರು ಲಭ್ಯವಿಲ್ಲ’ ಅಂತ ಬರೆದು ದೂರನ್ನು ಮುಗಿಸಿದ್ದರು. ಎರಡನೇ ದೂರಿನದೂ ಅದೇ ಗತಿ. ಹೆಡ್ಡಾಫೀಸಿನ ಲೆಕ್ಕದಲ್ಲಿ ಶಿರಸಿ ಶಾಖೆಗೆ ಬಾಕಿ ದೂರುಗಳೇ ಇಲ್ಲ. ದೊಡ್ಡವರು ಬರುವ ದಿನ ಬಕೆಟ್ ಅಡಗಿಸಿಡಲು ಹೇಳಿದರು. ಅಣ್ಣ ಅಡಗಿಸಿಟ್ಟ. ಜೋರು ಮಳೆ. ಕೋಣೆಯ ಬಾಗಿಲು ಹಾಕಿ, ಒಳಗೆ ತಾನೇ ನಿಂತು ಚಹಾದ ತಪ್ಪಲೆಯಲ್ಲಿ ನೀರು ಹಿಡಿದ.

ದೊಡ್ಡವರು ಮುಕ್ಕಾಲು ಗಂಟೆ ಇದ್ದರು. ಬಹಳ ವಿನಯದ ಮನುಷ್ಯ, ಎಲ್ಲರ ಕೈಕುಲುಕಿದರು, ‘ಬ್ಯೂಟಿಫುಲ್ ಪ್ಲೇಸ್’ ಅಂದರು, ಯಾಣ ಇಲ್ಲಿಂದ ಎಷ್ಟು ದೂರ ಅಂತ ಕೇಳಿದರು. ಗುಂಪಿನ ಫೋಟೋ ಆಯಿತು. ಹಿಂದಿರುಗಿದ ಮೇಲೆ ಅವರು ಹಾಕಿದ ಪೋಸ್ಟಿನಲ್ಲಿ ನೆಲಮಟ್ಟದ ಸಿಬ್ಬಂದಿಯ ಜೊತೆ ಮನಬಿಚ್ಚಿ ಮಾತಾಡಿದ್ದಾಗಿ ಇತ್ತು. ಅವರು ಸುಳ್ಳು ಬರೆದರು ಅಂತ ನನಗೆ ಅನಿಸುವುದಿಲ್ಲ. ಅವರಿಗೆ ಕಾಣಿಸಿದ್ದು ಅದೇ.

ಜನ ಕೆಲಸ ಬಿಡುವುದಿಲ್ಲ, ಬಾಸನ್ನು ಬಿಡುತ್ತಾರೆ ಅನ್ನುವ ಮಾತು ಈಗ ಎಲ್ಲ ಕಡೆ ಓಡಾಡುತ್ತದೆ. ತಂಡ ತಂಡಗಳ ನಡುವಿನ ಉತ್ಸಾಹದ ವ್ಯತ್ಯಾಸದಲ್ಲಿ ಕನಿಷ್ಠ ಶೇ. 70ರಷ್ಟು ಮ್ಯಾನೇಜರಿನಿಂದಲೇ ಬರುತ್ತದೆ ಅಂತ ಅಮೆರಿಕದ ಸಮೀಕ್ಷಾ ಸಂಸ್ಥೆ ಗ್ಯಾಲಪ್‌ನವರೂ 2015ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಲೆಕ್ಕ ತಪ್ಪು ಅನ್ನುವುದಿಲ್ಲ. ಆದರೆ ಅದನ್ನು ಹಿಡಿದುಕೊಂಡು ಮೇಲಿನವರು ಮ್ಯಾನೇಜರುಗಳಿಗೆ ಎರಡು ದಿನದ ನಾಯಕತ್ವ ಶಿಬಿರ ಮಾಡಿಸಿ ಕೈತೊಳೆದುಕೊಳ್ಳುವುದನ್ನು ಕಂಡರೆ ನಗು ಬರುತ್ತದೆ. ಶಾಖೆಯ ಮ್ಯಾನೇಜರಿಗೆ ರಜೆ ಕೊಡುವ ಅಧಿಕಾರ ಇಲ್ಲ, ಗುರಿ ಬದಲಿಸುವ ಅಧಿಕಾರ ಇಲ್ಲ, ಸೋರುವ ಮಾಡಿಗೆ ಊರಿನ ಗೌಂಡಿಯನ್ನು ಕರೆಸುವ ಅಧಿಕಾರವೂ ಇಲ್ಲ. ಮೇಲಿನಿಂದ ಬಂದದ್ದನ್ನು ಕೆಳಗೆ ದಾಟಿಸುವುದಷ್ಟೇ ಅವನ ಕೆಲಸ ಆದಾಗ, ಬೈಗುಳವೂ ಹಾಗೇ ದಾಟುತ್ತದೆ. ಹುಡುಗರಿಗೆ ಕಾಣುವುದು ಅವನ ಮುಖ ಮಾತ್ರ. ಬಿಡುವಾಗ ಅವನನ್ನೇ ಬೈದುಕೊಂಡು ಬಿಡುತ್ತಾರೆ.

ಬಿಡುವವರ ಸಂಖ್ಯೆಯಂತೂ ಸಣ್ಣದಲ್ಲ. ರಿಸರ್ವ್ ಬ್ಯಾಂಕೇ 2023-24ರ ತನ್ನ ವಾರ್ಷಿಕ ಬ್ಯಾಂಕಿಂಗ್ ವರದಿಯಲ್ಲಿ ಆಯ್ದ ಖಾಸಗಿ ಬ್ಯಾಂಕು ಮತ್ತು ಸಣ್ಣ ಹಣಕಾಸು ಬ್ಯಾಂಕುಗಳಲ್ಲಿ ಕೆಲಸ ಬಿಡುವವರ ಪ್ರಮಾಣ ಸರಾಸರಿ ಶೇ. 25ರ ಆಸುಪಾಸಿನಲ್ಲಿದೆ, ಇದು ಕಾರ್ಯನಿರ್ವಹಣೆಗೇ ಅಪಾಯ ಅಂತ ಎಚ್ಚರಿಸಿತ್ತು. ಅಂದರೆ ನಾಲ್ವರಲ್ಲಿ ಒಬ್ಬರು. ಶಿರಸಿಯಂಥ ಊರಲ್ಲಿ ಇದರ ಅರ್ಥ ಬೇರೆಯೇ. ಇಲ್ಲಿ ಸಾಲ ಕೊಡುವುದೆಂದರೆ ತೋಟ ಯಾರದು, ಪಾಲಾಗಿದೆಯೋ ಇಲ್ಲವೋ, ತೋಟಕ್ಕೆ ಸೊಪ್ಪು ತರುವ ಬೆಟ್ಟದ ಹಕ್ಕು ಯಾರ ಹೆಸರಲ್ಲಿದೆ, ಅಣ್ಣತಮ್ಮ ಮಾತಾಡುತ್ತಾರೋ ಇಲ್ಲವೋ ಇವೆಲ್ಲ ಗೊತ್ತಿರಬೇಕು. ಕಾಮರ್ಸ್ ಮುಗಿಸಿ ಬಂದ ಊರಿನ ಹುಡುಗ ಇದನ್ನು ಕಲಿಯುವುದಕ್ಕೆ ಎರಡು ವರ್ಷ ಬೇಕು. ಕಲಿತ ಹೊತ್ತಿಗೆ ಅವನು ಬಿಟ್ಟು ಹೋಗಿರುತ್ತಾನೆ. ಗ್ರಾಹಕರು ಬಂದು ‘ಆ ಹುಡುಗ ಎಲ್ಲಿ?’ ಅಂತ ಕೇಳಿ, ಹೊಸಬನ ಮುಂದೆ ತಮ್ಮ ಕಥೆಯನ್ನು ಮೊದಲಿನಿಂದ ಶುರು ಮಾಡಬೇಕು. ಮೂರನೇ ಸಲಕ್ಕೆ ಅವರೂ ಬಿಟ್ಟು ಸೊಸೈಟಿಗೆ ಹೋಗುತ್ತಾರೆ.

ಹೆಡ್ಡಾಫೀಸು ದೂರ ಇರುವುದೇ ರೋಗ ಅಂತ ಮೊದಲು ನಾನೂ ನಂಬಿದ್ದೆ. ಆದರೆ ನಮ್ಮ ಕರಾವಳಿಯಲ್ಲೇ ಅದಕ್ಕೆ ಉತ್ತರ ಇದೆ. ಕೊಂಕಣ ರೈಲ್ವೆಯ ಮುಖ್ಯ ಕಚೇರಿ ನವಿ ಮುಂಬಯಿಯ ಬೇಲಾಪುರದಲ್ಲಿ. ಇ. ಶ್ರೀಧರನ್ 1990ರಲ್ಲಿ ಅದರ ಮುಖ್ಯಸ್ಥರಾದಾಗ ಮಾರ್ಗವನ್ನು ಏಳು ತುಂಡು ಮಾಡಿದರು, ಒಂದೊಂದೂ ಸುಮಾರು ನೂರು ಕಿಲೋಮೀಟರ್. ಒಂದೊಂದಕ್ಕೂ ಒಬ್ಬ ಚೀಫ್ ಎಂಜಿನಿಯರ್. ಕಾರವಾರ ಅಂಥ ಏಳರಲ್ಲಿ ಒಂದು. ಗುಡ್ಡ ಕುಸಿದರೆ, ಸುರಂಗದಲ್ಲಿ ಮೆತ್ತನೆ ಮಣ್ಣು ಸಿಕ್ಕಿದರೆ ನಿರ್ಧಾರ ಮಾಡುವವನು ಗುಡ್ಡದ ಹತ್ತಿರವೇ ಇದ್ದ, ಅವನ ಕೈಯಲ್ಲಿ ಅಧಿಕಾರವೂ ಇತ್ತು. 741 ಕಿಲೋಮೀಟರ್ ಹಳಿ, ನದಿ ಹೊಳೆ ಘಟ್ಟ ಎಲ್ಲ ದಾಟಿ, 1998ರ ಜನವರಿ 26ಕ್ಕೆ ಪೂರ್ತಿ ಮಾರ್ಗ ದೇಶಕ್ಕೆ ಸಿಕ್ಕಿತು. ಬೇಲಾಪುರ ಆಗಲೂ ಕಾರವಾರದಿಂದ ಅಷ್ಟೇ ದೂರ ಇತ್ತು.

ಇನ್ನೂ ಹಳೆಯದು ಬೇಕಾದರೆ ಪಿಗ್ಮಿ. ಉಡುಪಿಯಲ್ಲಿ 1925ರಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1928ರಲ್ಲಿ ದಿನಕ್ಕೆ ಎರಡಾಣೆ ಕೂಡಿಡುವ ಠೇವಣಿ ತಂದಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಹೋಗುತ್ತಿದ್ದ. ದುಡ್ಡಿನ ಜೊತೆ ಸುದ್ದಿಯೂ ಬ್ಯಾಂಕಿಗೆ ಬರುತ್ತಿತ್ತು: ಯಾರ ಅಂಗಡಿ ನಡೆಯುತ್ತಿದೆ, ಯಾರ ಮನೆಯಲ್ಲಿ ಕಾಯಿಲೆ. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಅನ್ನುವ ಹೆಸರು ಮಾತ್ರ ಇವತ್ತಿಗೂ ನಮ್ಮ ಪೇಟೆಯ ಅಂಗಡಿಕಾರರ ಬಾಯಲ್ಲಿದೆ.

ನನ್ನ ಕಾಲದಲ್ಲೂ ಒಬ್ಬರು ರೀಜನಲ್ ಹೆಡ್ ಬಂದಿದ್ದರು, ಬಯಲುಸೀಮೆಯವರು. ಮೊದಲ ಸಲ ಬಂದಾಗ ಯಾರಿಗೂ ಹೇಳದೆ ಬಸ್ಸಿಳಿದು ಬಂದು, ಗ್ರಾಹಕರ ಬೆಂಚಿನಲ್ಲಿ ಬಹಳ ಹೊತ್ತು ಕೂತಿದ್ದರು. ಆಮೇಲೆ ನನ್ನ ಟೇಬಲ್ಲಿಗೆ ಬಂದು, ‘ಇಲ್ಲಿ ದುಡ್ಡು ಯಾವಾಗ ಬರ್ತೈತಿ, ಯಾವಾಗ ಹೋಗ್ತೈತಿ, ಅಷ್ಟ ಹೇಳ್ರಿ’ ಅಂದರು. ಮಧ್ಯಾಹ್ನ ಮಂಡಿಗೆ ಕರೆದುಕೊಂಡು ಹೋದೆ. ಚಾಲಿ ಯಾವುದು, ಬೆಟ್ಟೆ ಯಾವುದು, ಕೆಂಪುಗೋಟು ಯಾಕೆ ಕಡಿಮೆ ರೇಟು ಎಲ್ಲ ಕೇಳಿಕೊಂಡರು. ಮುಂದಿನ ವರ್ಷ ಘಟ್ಟದ ಶಾಖೆಗಳ ಮಳೆಗಾಲದ ಗುರಿಯಲ್ಲಿ ಒಂದು ಪಾಲು ತೆಗೆದು ಜನವರಿ-ಮಾರ್ಚ್‌ಗೆ ಸೇರಿಸಿದರು. ವರ್ಷದ ಒಟ್ಟು ಗುರಿ ಒಂದು ಪೈಸೆ ಇಳಿಯಲಿಲ್ಲ. ನಮ್ಮ ಮೇಲೆ ಅವರು ದಯೆ ತೋರಿಸಿದ್ದೇನಲ್ಲ. ಆದರೆ ಆ ವರ್ಷ ಆರೂವರೆಯ ಕಾಲ್‌ನಲ್ಲಿ ಜನ ‘ಇದು ಆಗೋದಿಲ್ಲ ಸರ್’ ಅಂತ ಹೇಳುವುದನ್ನು ನಾನು ಕೇಳಿದೆ. ಹುಡುಗರು ರಾಜೀನಾಮೆ ಕೊಡಲಿಲ್ಲ. ಕ್ಯಾಶಿಯರ್ ಕೂಡ ಮತ್ತೆ ಗ್ರಾಹಕರನ್ನು ನನ್ನ ಟೇಬಲ್ಲಿಗೆ ಕಳಿಸತೊಡಗಿದರು. ಆಮೇಲೆ ಆ ರೀಜನಲ್ ಹೆಡ್‌ಗೆ ವರ್ಗವಾಯಿತು. ಬಂದವರು ಮೊದಲ ಕಾಲ್‌ನಲ್ಲೇ ಗುರಿಯನ್ನು ಹನ್ನೆರಡಕ್ಕೆ ಸಮಪಾಲು ಮಾಡಿದರು, ಲೆಕ್ಕಕ್ಕೆ ಸುಲಭ ಅಂತ.

ನಾನು ಆ ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಕಲಬುರಗಿ ಕಡೆಯ ಒಬ್ಬ ಚುರುಕಾದ ಹುಡುಗ ಬಂದಿದ್ದಾರೆ. ಮೊದಲ ವಾರವೇ ಫೋನು ಮಾಡಿ, ಜುಲೈಯಲ್ಲಿ ಯಾಕೆ ಏನೂ ಆಗುವುದಿಲ್ಲ ಅಂತ ಕೇಳಿದರು. ಮದ್ದು ಹೊಡೆಯುವುದರಿಂದ ಹಿಡಿದು ಟೆಂಡರಿನವರೆಗೆ ಎಲ್ಲ ಹೇಳಿದೆ. ಬರೆದುಕೊಂಡರು. ‘ಇದನ್ನ ಮ್ಯಾಲಿನವರಿಗೆ ಕಳಿಸ್ಲ್ಯಾ ಸರ್?’ ಅಂದರು. ಕಳಿಸಿ, ನೋಡುವ ಅಂದೆ. ಈ ಸಲ ಉತ್ತರ ಬೇಗ ಬಂದಿದೆ: ವಿವರಗಳನ್ನು ನಿಗದಿತ ಎಕ್ಸೆಲ್ ನಮೂನೆಯಲ್ಲಿ ತುಂಬಿ ಕಳಿಸುವುದು. ಅವರು ನಮೂನೆಯನ್ನು ನನಗೆ ವಾಟ್ಸಾಪ್ ಮಾಡಿದರು. ಅದರಲ್ಲಿ ಬೆಳೆಯ ಹಂಗಾಮು ಅನ್ನುವ ಕಾಲಮ್ಮಿಗೆ ಆಯ್ಕೆಗಳು ಎರಡೇ, ಮುಂಗಾರು ಮತ್ತು ಹಿಂಗಾರು. ಅಡಿಕೆಗೆ ಯಾವುದನ್ನು ಒತ್ತಲಿ ಅಂತ ಕೇಳುತ್ತಿದ್ದಾರೆ.